ಕಂಪ್ಯೂಟರ್ ಕಟ್ಟೆ: ಮೂರು ಚೀಟಿ, ಒಂದು ಲ್ಯಾಪ್‌ಟಾಪ್

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಕಡಿಮೆ ದುಡ್ಡಿಗೆ ಮನೆಗೂ ಅಂಗಡಿಗೂ ಆಗುವ ಲ್ಯಾಪ್‌ಟಾಪ್ ಯಾವುದು? ಒಂದು ಕಂಪನಿ ಹೆಸರು ಹೇಳಿ ಮುಗಿಸಿಬಿಡಿ ಎಂದೂ ಕೆಲವರು ಬರೆದಿದ್ದಾರೆ. ಅದು ಆಗದ ಮಾತು. ಒಂದೇ ಕಂಪನಿಯ, ಒಂದೇ ಹೆಸರಿನ ಲ್ಯಾಪ್‌ಟಾಪ್ ಒಂದು ಕಡೆ 30 ಸಾವಿರಕ್ಕೂ ಇರುತ್ತದೆ, ಇನ್ನೊಂದು ಕಡೆ 55 ಸಾವಿರಕ್ಕೂ ಇರುತ್ತದೆ. ಮೇಲಿನ ಮುಚ್ಚಳ ಎರಡಕ್ಕೂ ಒಂದೇ, ಒಳಗಿರುವುದು ಬೇರೆ. ಹಾಗಾಗಿ ಹೆಸರು ಬಿಡಿ, ಒಳಗೆ ಏನೇನಿದೆ ಅಂತ ಅಂಗಡಿಯವರು ಬರೆದುಕೊಟ್ಟ ಚೀಟಿ ತೋರಿಸಿ. ತಿಪಟೂರಿನವರು ಅದನ್ನೇ ಮಾಡಿದ್ದಾರೆ, ಮೊದಲು ಅವರಿಗೆ.

ಪ್ರಶ್ನೆ: ಸರ್, ನಮ್ಮದು ಹಾರ್ಡ್‌ವೇರ್ ಅಂಗಡಿ. ನಿಮ್ಮ ಹಾರ್ಡ್‌ವೇರ್ ಅಲ್ಲ, ಪೈಪು, ಮೊಳೆ, ಪೇಂಟು. ಲೆಕ್ಕಕ್ಕೆ ಟ್ಯಾಲಿ ಪ್ರೈಮ್, ಜಿಎಸ್‌ಟಿ ರಿಟರ್ನ್, ವಾಟ್ಸಾಪ್‌ನಲ್ಲಿ ಕೊಟೇಶನ್ ಕಳಿಸುವುದು, ಇಷ್ಟೇ ಕೆಲಸ. ರಾತ್ರಿ ಮಗಳ ಪಿಯುಸಿ ಆನ್‌ಲೈನ್ ಕ್ಲಾಸ್. ಬಜೆಟ್ 40 ಸಾವಿರ. ಕಂಪ್ಯೂಟರ್ ಅಂಗಡಿಯಲ್ಲಿ ಮೂರು ಚೀಟಿ ಬರೆದುಕೊಟ್ಟರು. ಒಂದನೆಯದು ಇಂಟೆಲ್ ಎನ್100 ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಸ್ಟೋರೇಜ್, 14 ಇಂಚು, 27 ಸಾವಿರ. ಎರಡನೆಯದು ರೈಜೆನ್ 5 7520ಯು, 8 ಜಿಬಿ, 512 ಜಿಬಿ, 15.6 ಇಂಚು, 38,500. ಮೂರನೆಯದು ಐ3-1215ಯು, 8 ಜಿಬಿ, 512 ಜಿಬಿ, 15.6 ಇಂಚು, 39 ಸಾವಿರ. ‘ಮೂರಕ್ಕಿಂತ ಐದು ದೊಡ್ಡದು, ಎರಡನೆಯದನ್ನೇ ತಗೊಳ್ಳಿ’ ಅಂತಾರೆ. ಹೌದಾ?
— ಓದುಗರು, ತಿಪಟೂರು

ಉತ್ತರ: ಅಲ್ಲ. ಮೂರನೆಯದು ತಗೊಳ್ಳಿ, ಆದರೆ ಎರಡು ವಿಷಯ ನೋಡಿಕೊಂಡು. ಮೊದಲು ಆ ಐದು-ಮೂರರ ಲೆಕ್ಕ ಬಿಡಿಸೋಣ.

ರೈಜೆನ್ ಹೆಸರಿನಲ್ಲಿ ದೊಡ್ಡದಾಗಿ ಬರೆದಿರುವ 5 ನೋಡಬೇಡಿ, ಹಿಂದೆ ಸಣ್ಣದಾಗಿರುವ 7520ಯು ನೋಡಿ. ಈ 7000 ಸಾಲಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಮೊದಲ ಅಂಕಿ ಯಾವ ವರ್ಷದ ಸಾಲಿನದು ಅಂತ ಹೇಳುತ್ತದೆ, ಮೂರನೇ ಅಂಕಿ ಒಳಗಿನ ವಿನ್ಯಾಸ ಯಾವುದು ಅಂತ ಹೇಳುತ್ತದೆ. ಇಲ್ಲಿ ಮೂರನೇ ಅಂಕಿ 2, ಅಂದರೆ ಝೆನ್ 2, ಅಂದರೆ 2019ರಲ್ಲಿ ಬಂದ ವಿನ್ಯಾಸ. ಕೋರ್, ಅಂದರೆ ಒಳಗೆ ಕೆಲಸ ಮಾಡುವ ಘಟಕ, ನಾಲ್ಕೇ. ಅದೇ 7530ಯು ಅಂತ ಇದ್ದಿದ್ದರೆ ಝೆನ್ 3, ಆರು ಕೋರ್, ನಾನು ಕಣ್ಣು ಮುಚ್ಚಿ ಹೂಂ ಅನ್ನುತ್ತಿದ್ದೆ. ಒಂದು ಅಂಕಿಯಲ್ಲಿ ಇಷ್ಟು ವ್ಯತ್ಯಾಸ ಇಟ್ಟವರಿಗೆ ಏನು ಹೇಳೋದು! ಅಂಗಡಿಯವರು ಸುಳ್ಳು ಹೇಳಿದ್ದಾರೆ ಅಂತಲೂ ಅಲ್ಲ, ಪಾಪ, ಅವರೂ ಸ್ಟಿಕ್ಕರ್ ಓದಿಯೇ ಹೇಳಿರುತ್ತಾರೆ.

7520ಯು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಟ್ಯಾಲಿಗೆ ಅದೂ ಧಾರಾಳ. ನನ್ನ ತಕರಾರು ರ‍್ಯಾಮ್ ಬಗ್ಗೆ. ಈ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿ ಬರುತ್ತದೆ. ಇವತ್ತು 8 ಜಿಬಿ ತಗೊಂಡರೆ ಅದು ಸಾಯುವ ತನಕ 8 ಜಿಬಿಯೇ. ವಿಂಡೋಸ್ 11 ಸುಮ್ನೆ ಕೂತಿದ್ದರೂ ಮೂರು ನಾಲ್ಕು ಜಿಬಿ ತಿನ್ನುತ್ತದೆ, ಪರದೆಯ ಚಿತ್ರಕ್ಕೂ ಅದೇ ರ‍್ಯಾಮ್‌ನಿಂದ ಒಂದು ಪಾಲು ಹೋಗುತ್ತದೆ. ಮಿಕ್ಕಿದ್ದರಲ್ಲಿ ಕ್ರೋಮ್, ಅದರಲ್ಲಿ ಜಿಎಸ್‌ಟಿ ಪೋರ್ಟಲ್, ಬ್ಯಾಂಕು, ವಾಟ್ಸಾಪ್ ವೆಬ್, ಮಗಳು ಮುಚ್ಚದೆ ಬಿಟ್ಟ ಹತ್ತು ಟ್ಯಾಬ್. ಇವತ್ತಿಗೆ ಸಾಕು, ಮೂರು ವರ್ಷ ಬಿಟ್ಟರೆ ಉಸಿರುಗಟ್ಟುತ್ತದೆ. ಆಗ ಇನ್ನೊಂದು 8 ಜಿಬಿ ಹಾಕಲು ಜಾಗ ಇರಬೇಕು.

ಐ3-1215ಯು ಇರುವ ಬಹಳ ಮಾಡೆಲ್‌ಗಳಲ್ಲಿ ಆ ಜಾಗ ಇರುತ್ತದೆ, ಎಲ್ಲದರಲ್ಲೂ ಅಲ್ಲ. ಅದಕ್ಕೇ ನೋಡಿಕೊಳ್ಳಿ ಅಂದದ್ದು, ಇದು ಮೊದಲ ವಿಷಯ. ಅಂಗಡಿಯಲ್ಲಿ ಡೆಮೊ ಪೀಸ್ ಮುಂದೆ ನಿಂತು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿದರೆ ಕೆಳಗೆ ‘ಫಾರ್ಮ್ ಫ್ಯಾಕ್ಟರ್’ ಎಂಬ ಸಾಲು ಸಿಗುತ್ತದೆ. ಅಲ್ಲಿ ‘ರೋ ಆಫ್ ಚಿಪ್ಸ್’ ಅಂತಿದ್ದರೆ ಬೆಸುಗೆಯ ರ‍್ಯಾಮ್, ‘ಎಸ್‌ಒಡಿಐಎಂಎಂ’ ಅಂತಿದ್ದರೆ ಕಿತ್ತು ಹಾಕಬಹುದಾದ ರ‍್ಯಾಮ್. ಬೆಸುಗೆಯದ್ದೇ ಆದರೂ ಪಕ್ಕದಲ್ಲಿ ಒಂದು ಖಾಲಿ ಸ್ಲಾಟ್ ಇಟ್ಟಿರುತ್ತಾರೆ ಕೆಲವೊಮ್ಮೆ, ಅದನ್ನು ಕೇಳಿ ಬಿಲ್ ಮೇಲೆ ಬರೆಸಿಕೊಳ್ಳಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಚೆನ್ನಾಗಿ ಏರಿದೆ. ಹಾಗಾಗಿ ಈಗಲೇ 16 ಮಾಡಿಸಿ ಅಂತ ನಾನು ಒತ್ತಾಯ ಮಾಡಲ್ಲ. ಸ್ಲಾಟ್ ಇದ್ದರೆ ಸಾಕು.

27 ಸಾವಿರದ ಎನ್100 ಯಾಕೆ ಬೇಡ? ನಿಮ್ಮ ಮೂರನೇ ಚೀಟಿಯ ಐ3 ಒಳಗೆ ಎರಡು ದೊಡ್ಡ ಕೋರ್, ನಾಲ್ಕು ಚಿಕ್ಕ ಕೋರ್ ಇವೆ. ಆ ನಾಲ್ಕು ಚಿಕ್ಕವನ್ನಷ್ಟೇ ಬೇರೆ ಡಬ್ಬಿಗೆ ಹಾಕಿ ಮಾರಿದ ಹಾಗೆ ಎನ್100. ಬರೀ ಬಿಲ್ ಹೊಡೆಯುವುದಾದರೆ ನಡೆಯುತ್ತದೆ, ಕರೆಂಟೂ ಕಡಿಮೆ ಕುಡಿಯುತ್ತದೆ. ವಿಡಿಯೊ ಕ್ಲಾಸ್ ನಡೆಯುತ್ತಿರುವಾಗ ಹಿಂದೆ ವಿಂಡೋಸ್ ಅಪ್‌ಡೇಟ್ ಶುರುವಾಯಿತು ಅನ್ನಿ, ಆಗ ಮೌಸ್ ಕೂಡ ಎಳೆದಾಡುತ್ತದೆ. ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇದ್ದಿದ್ದರೆ ಅಂಗಡಿಗೆ ಇದನ್ನೇ ತಗೊಳ್ಳಿ, 12 ಸಾವಿರ ಉಳಿಸಿ ಅನ್ನುತ್ತಿದ್ದೆ. ನಿಮಗೆ ಎರಡು ಕೆಲಸಕ್ಕೂ ಒಂದೇ, ಹಾಗಾಗಿ ಬೇಡ.

ಇನ್ನೊಂದು ಕಾರಣವೂ ಇದೆ, ಇದನ್ನು ಯಾರೂ ಹೇಳಲ್ಲ. 14 ಇಂಚಿನಲ್ಲಿ ಸಾಮಾನ್ಯವಾಗಿ ಬಲಗಡೆ ನಂಬರ್ ಪ್ಯಾಡ್ ಇರುವುದಿಲ್ಲ. ದಿನಕ್ಕೆ ನೂರು ಬಿಲ್ಲಿನ ಅಂಕಿ ಮೇಲಿನ ಸಾಲಿನಲ್ಲಿ ಹುಡುಕಿ ಹುಡುಕಿ ಹೊಡೆದು ನೋಡಿ, ಪ್ರೊಸೆಸರ್ ಎಷ್ಟೇ ಜೋರಿದ್ದರೂ ನಿಮ್ಮ ಬೆರಳು ನಿಧಾನ. 15.6 ಇಂಚಿನವುಗಳಲ್ಲಿ ಬಹುತೇಕ ಪ್ಯಾಡ್ ಇರುತ್ತದೆ, ಕೆಲವದರಲ್ಲಿ ಮಾತ್ರ ಕೀಗಳನ್ನು ಒತ್ತರಿಸಿ ಕೂರಿಸಿರುತ್ತಾರೆ. ಕೈ ಇಟ್ಟು ನೋಡಿ.

ಹಾಗೇ ಫಂಕ್ಷನ್ ಕೀ. ಟ್ಯಾಲಿ ನಡೆಯುವುದೇ ಅದರ ಮೇಲೆ, ಎಫ್5 ಪೇಮೆಂಟ್, ಎಫ್6 ರಸೀದಿ, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಹೊಸ ಲ್ಯಾಪ್‌ಟಾಪ್‌ನಲ್ಲಿ ಎಫ್6 ಒತ್ತಿದರೆ ರಸೀದಿ ಬರುವ ಬದಲು ಪರದೆ ಬೆಳಕು ಜಾಸ್ತಿಯಾಗುತ್ತದೆ ಅಥವಾ ಸೌಂಡ್ ಕಡಿಮೆಯಾಗುತ್ತದೆ, ಲ್ಯಾಪ್‌ಟಾಪ್ ಕೆಟ್ಟಿದೆ ಅಂತ ವಾಪಸ್ ತಂದವರನ್ನು ನಾನು ಕಂಡಿದ್ದೇನೆ. ಕೆಟ್ಟಿರುವುದಿಲ್ಲ. ಹಲವು ಕಂಪನಿಗಳಲ್ಲಿ ಎಫ್‌ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಸರಿಹೋಗುತ್ತದೆ, ಕೆಲವದರಲ್ಲಿ ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್, ಅಂದರೆ ಬಯೋಸ್‌ಗೆ ಹೋಗಿ ಬದಲಿಸಬೇಕು. ಡೆಲಿವರಿ ತಗೊಳ್ಳುವಾಗಲೇ ಅವರ ಕೈಯಲ್ಲಿ ಮಾಡಿಸಿ.

ಎರಡನೇ ವಿಷಯ ಪರದೆ. ಅಂಗಡಿಯಲ್ಲಿ ಬೆಳಕಿನ ಡೆಮೊ ವಿಡಿಯೊ ಓಡಿಸುತ್ತಾರೆ, ಅದರಲ್ಲಿ ಎಲ್ಲವೂ ಚೆನ್ನ. ನೀವು ಒಂದು ಎಕ್ಸೆಲ್ ಶೀಟ್ ತೆರೆಸಿ, ಲ್ಯಾಪ್‌ಟಾಪನ್ನು ಬಾಗಿಲಿನ ಬೆಳಕಿಗೆ ಮುಖಮಾಡಿ, ಪಕ್ಕದಲ್ಲಿ ನಿಂತು ಓದಿ. ನಿಮ್ಮ ಅಂಗಡಿಯಲ್ಲಿ ಗಿರಾಕಿ ನಿಂತು ನೋಡುವುದು ಅದೇ ಓರೆಯಿಂದ ತಾನೇ. ಬಣ್ಣ ತಿರುಗುಮುರುಗಾಗಿ ಅಕ್ಷರ ಬಿಳಿಚಿಕೊಂಡು ಕಂಡರೆ ಅದು ಟಿಎನ್ ಪರದೆ, ಬೇಡ. ಓರೆಯಿಂದಲೂ ಸರಿಯಾಗಿ ಕಾಣುವ ಐಪಿಎಸ್ ಪರದೆ ಅಂತ ಕೇಳಿ. ಈ ಬೆಲೆಯಲ್ಲಿ ಬೆಳಕು 250 ನಿಟ್ಸ್ ಇರುತ್ತದೆ, ಬಣ್ಣ 45% ಎನ್‌ಟಿಎಸ್‌ಸಿ ಅಂತ ಬರೆದಿರುತ್ತಾರೆ. ಅಂದರೆ ಬಣ್ಣ ಸ್ವಲ್ಪ ಮಾಸಲು. ಲೆಕ್ಕಕ್ಕೆ ಏನೂ ತೊಂದರೆ ಇಲ್ಲ. ಆದರೆ ಪೇಂಟ್ ಶೇಡ್ ಕಾರ್ಡನ್ನು ಇದರಲ್ಲಿ ತೋರಿಸಿ ಗೋಡೆ ಬಣ್ಣ ಮಾರಬೇಡಿ, ಆಮೇಲೆ ಜಗಳ!

ಪೋರ್ಟ್ ಎಣಿಸಿ. ಡಿಜಿಟಲ್ ಸಹಿಯ ಡಾಂಗಲ್, ಪ್ರಿಂಟರ್, ಮೌಸ್, ಬಾರ್‌ಕೋಡ್ ಸ್ಕ್ಯಾನರ್, ನಿಮಗೆ ನಾಲ್ಕು ಬೇಕಾಗಬಹುದು, ಇರುವುದು ಎರಡೋ ಮೂರೋ. ಒಂದು ಯುಎಸ್‌ಬಿ ಹಬ್ ಜೊತೆಗೇ ತಗೊಂಡುಬಿಡಿ. ಇನ್ನು 512 ಜಿಬಿ ಅಂದದ್ದು ವಿಂಡೋಸ್‌ನಲ್ಲಿ 476 ಅಂತ ಕಾಣುತ್ತದೆ, ಮೋಸ ಅಲ್ಲ, ಎಣಿಸುವ ರೀತಿ ಬೇರೆ.

ಒಂದು ಸ್ವಂತ ಕಥೆ ಹೇಳಿ ನಿಮ್ಮನ್ನು ಬಿಡುತ್ತೇನೆ. ವರ್ಷಗಳ ಹಿಂದೆ ತಂಗಿಯ ಟೈಲರಿಂಗ್ ಅಂಗಡಿಗೆ ಒಂದು ಲ್ಯಾಪ್‌ಟಾಪ್ ಕೊಡಿಸಿದೆ, 32 ಜಿಬಿ ಇಎಂಎಂಸಿ (ಬೋರ್ಡಿಗೇ ಅಂಟಿದ, ಅಗ್ಗದ, ನಿಧಾನದ ಸ್ಟೋರೇಜ್) ಇದ್ದದ್ದು. ಹಗುರ, ಚೆಂದ, ಅಗ್ಗ. ಆರು ತಿಂಗಳಿಗೆ ವಿಂಡೋಸ್ ಅಪ್‌ಡೇಟ್ ಇಳಿಸಿಕೊಳ್ಳುವುದಕ್ಕೇ ಅದರಲ್ಲಿ ಜಾಗ ಇರಲಿಲ್ಲ. ಫೋಟೊ ಅಳಿಸು, ಹಾಡು ಅಳಿಸು, ಆದರೂ ಆಗದು. ಕೊನೆಗೆ ಅದರ ಮೇಲೆ ಅಳತೆ ಪುಸ್ತಕ ಇಟ್ಟುಕೊಳ್ಳುತ್ತಿದ್ದಳು. ಅದಕ್ಕೆ ಈಗಲೂ ಯಾರಾದರೂ ಚೀಟಿ ತೋರಿಸಿದರೆ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಇಎಂಎಂಸಿ ಅಂತಿದ್ದರೆ ಎಷ್ಟೇ ಅಗ್ಗವಾದರೂ ಬೇಡ, ಎಸ್‌ಎಸ್‌ಡಿ ಅಂತಲೇ ಇರಬೇಕು. ವಿಂಡೋಸ್ ‘ಎಸ್ ಮೋಡ್’ನಲ್ಲಿ (ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್ ಮಾತ್ರ ಒಪ್ಪುವ ಮೋಡ್) ಬಂದಿದ್ದರೆ ಟ್ಯಾಲಿ ಇನ್‌ಸ್ಟಾಲ್ ಆಗುವುದಿಲ್ಲ. ಆ ಮೋಡ್‌ನಿಂದ ಹೊರಬರುವುದು ಉಚಿತ, ಆದರೆ ವಾಪಸ್ ಹೋಗಲು ಆಗಲ್ಲ. ಹೋಗಬೇಕಾಗಿಯೂ ಇಲ್ಲ.

ಪ್ರಶ್ನೆ: ಊರಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕಿಕೊಡುವ ಸೆಂಟರ್ ಇಟ್ಟಿದ್ದೇನೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹಳೆ ಥಿಂಕ್‌ಪ್ಯಾಡ್ ಟಿ480, ಐ5, 16 ಜಿಬಿ ರ‍್ಯಾಮ್, 19 ಸಾವಿರಕ್ಕೆ ಕೊಡುತ್ತೇವೆ ಅಂತಾರೆ. ಹೊಸ ಪ್ಲಾಸ್ಟಿಕ್ ಲ್ಯಾಪ್‌ಟಾಪ್‌ಗಿಂತ ಇದೇ ವಾಸಿನಾ? ಅಣ್ಣ ಬೈತಾನೆ.
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಅಣ್ಣನಿಗೆ ಹೇಳಿ, ನಾನು ನಿಮ್ಮ ಕಡೆ. ಕಂಪನಿಗಳು ತಮ್ಮ ಕೆಲಸಗಾರರಿಗೆ ಕೊಟ್ಟು ಕೆಲವು ವರ್ಷ ಬಿಟ್ಟು ಲಾಟ್‌ನಲ್ಲಿ ಮಾರಿದ ಮಾಲು ಇದು. ಕೀಬೋರ್ಡ್ ಗಟ್ಟಿ, ಹಿಂಜ್ ಗಟ್ಟಿ, ಬಿಡಿಭಾಗ ಸಿಗುತ್ತದೆ, ರ‍್ಯಾಮ್‌ಗೆ ಎರಡು ಸ್ಲಾಟ್. ಬ್ಯಾಟರಿ ಎರಡು, ಒಂದು ಒಳಗೆ, ಇನ್ನೊಂದು ಹಿಂದಿನಿಂದ ಕೈಯಲ್ಲೇ ತೆಗೆಯುವಂಥದ್ದು. ಕರೆಂಟ್ ಕೈಕೊಡುವ ಊರಲ್ಲಿ ಇದರ ಬೆಲೆ ನಿಮಗೇ ಗೊತ್ತು.

ಆದರೆ ಅಲ್ಲಿ ನಿಂತು ಅರ್ಧ ಗಂಟೆ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಐ5 ಆದಮೇಲೆ ಬರುವ ನಂಬರ್ 8ರಿಂದ ಶುರುವಾಗಬೇಕು, 8250ಯು, 8350ಯು ಹೀಗೆ. 7ರಿಂದ ಶುರುವಾದರೆ ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಹಿಂದಿನ ಮಾಡೆಲ್ ಟಿ470 ನೋಡಲು ಹೆಚ್ಚೂಕಡಿಮೆ ಹಾಗೇ ಇದೆ, ಮುಚ್ಚಳ ನೋಡಿ ಮೋಸಹೋಗಬೇಡಿ. ಪರದೆ 1920 x 1080 ಇದೆಯಾ ನೋಡಿ, ಟಿ480ರಲ್ಲಿ ಅಗ್ಗದ 1366 x 768 ಪರದೆಯೂ ಬಂದಿತ್ತು. ಅರ್ಜಿ ತುಂಬುವಾಗ ಅರ್ಧ ಫಾರಂ ಕೆಳಗೇ ಉಳಿದುಬಿಡುತ್ತದೆ ಅದರಲ್ಲಿ. ಬ್ಯಾಟರಿ ರಿಪೋರ್ಟ್ ತೆಗೆಸಿ, ಡಿಸೈನ್ ಕೆಪಾಸಿಟಿ ಎಷ್ಟು, ಈಗ ಫುಲ್ ಚಾರ್ಜ್ ಕೆಪಾಸಿಟಿ ಎಷ್ಟು ಅಂತ ಎರಡೂ ಅದರಲ್ಲಿರುತ್ತದೆ. ಅರ್ಧಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿ ಹಾಕಿಸಿ ಅಥವಾ ಬೆಲೆ ಇಳಿಸಿ.

ಎಲ್ಲಕ್ಕಿಂತ ಮುಖ್ಯ, ನಿಮ್ಮ ಎದುರೇ ವಿಂಡೋಸ್ ಪೂರ್ತಿ ರೀಸೆಟ್ ಮಾಡಿಸಿ, ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಶುರು ಮಾಡಿಸಿ. ಹಳೇ ಕಂಪನಿ ತನ್ನ ಪಟ್ಟಿಯಿಂದ ಆ ಲ್ಯಾಪ್‌ಟಾಪನ್ನು ತೆಗೆಯದೆ ಮಾರಿದ್ದರೆ ಪರದೆ ಮೇಲೆ ಆ ಕಂಪನಿಯ ಹೆಸರು ಬಂದು ಆಫೀಸ್ ಇಮೇಲ್ ಕೇಳುತ್ತದೆ. ಹಾಗೆ ಕೇಳಿದರೆ ಕೈಮುಗಿದು ಪಕ್ಕದ ಅಂಗಡಿಗೆ ಹೋಗಿ. ಬಯೋಸ್‌ಗೂ ಹೋಗಿ ನೋಡಿ, ಪಾಸ್‌ವರ್ಡ್ ಕೇಳಬಾರದು. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಸಾಧನ ಇಟ್ಟುಕೊಂಡಿದ್ದರೆ ಅದನ್ನೂ ಜೊತೆಗೆ ಒಯ್ದು ಅಲ್ಲೇ ಚುಚ್ಚಿ ನೋಡಿ. ವಾರಂಟಿ ಬಾಯಿಮಾತಲ್ಲಿ ಬೇಡ, ಎಷ್ಟು ತಿಂಗಳು ಅಂತ ಬಿಲ್ ಮೇಲೆ ಇರಲಿ.

ಪ್ರಶ್ನೆ: ನಮ್ಮ ಮನೆಯಲ್ಲಿ 4ನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ಹಳೆ ಹಾರ್ಡ್‌ಡಿಸ್ಕ್ ಇರುವ ಲ್ಯಾಪ್‌ಟಾಪ್ ಇದೆ. ಎಸ್‌ಎಸ್‌ಡಿ ಹಾಕಿಸಿದರೆ ಹೊಸದರ ಥರ ಓಡುತ್ತದಂತೆ, ನಿಜವಾ?
— ಓದುಗರು, ಶಿವಮೊಗ್ಗ

ಉತ್ತರ: ಓಡುವುದೇನೋ ಓಡುತ್ತದೆ, ನಿಮಗೇ ಆಶ್ಚರ್ಯ ಆಗುವಷ್ಟು. ತೊಂದರೆ ಬೇರೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆಯವರಿಗೆ ಸೇರಿಕೊಂಡರೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರ ತನಕ ಸುರಕ್ಷತೆಯ ಅಪ್‌ಡೇಟ್ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ವಿಂಡೋಸ್ 11 ನಿಮ್ಮ ಪ್ರೊಸೆಸರನ್ನು ಒಪ್ಪಲ್ಲ. ಹಾಗಾಗಿ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ, ಮಕ್ಕಳಿಗೆ ಕೊಡಿ. ವ್ಯಾಪಾರದ ನೆಟ್‌ಬ್ಯಾಂಕಿಂಗ್‌ಗೆ ಬೇಡ.

ಪ್ರಶ್ನೆ: ನಾನು ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ಹೊಸ ಲ್ಯಾಪ್‌ಟಾಪ್‌ಗೆ ಹಳೆ ಲಗ್ನಪತ್ರಿಕೆ ಫೈಲ್‌ಗಳನ್ನೆಲ್ಲ ಹಾಕಿದೆ. ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆ ಏನೇನೋ ಬರುತ್ತಿದೆ. ಲ್ಯಾಪ್‌ಟಾಪ್ ಅಗ್ಗದ್ದು ಅಂತ ಹೀಗಾ?
— ಓದುಗರು, ಗದಗ

ಉತ್ತರ: ಲ್ಯಾಪ್‌ಟಾಪ್‌ದು ಏನೂ ತಪ್ಪಿಲ್ಲ. ನಿಮ್ಮ ಹಳೆ ಫೈಲ್‌ಗಳು ಹಳೇ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿವೆ. ಅವುಗಳಲ್ಲಿ ಕಂಪ್ಯೂಟರಿಗೆ ಗೊತ್ತಿರುವುದು ಇಂಗ್ಲಿಷ್ ಅಕ್ಷರವೇ, ಮೇಲೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೆ. ಫಾಂಟ್ ಇಲ್ಲದಿದ್ದರೆ ವೇಷ ಕಳಚಿಬೀಳುತ್ತದೆ. ಹಳೆ ಕಂಪ್ಯೂಟರಿನ ಫಾಂಟ್‌ಗಳನ್ನು ಇಲ್ಲಿಗೆ ಹಾಕಿಕೊಳ್ಳಿ, ‘ಚಿ. ಸೌ.’ ಎಲ್ಲ ವಾಪಸ್ ಬರುತ್ತದೆ. ಹೊಸ ಕೆಲಸವನ್ನು ಮಾತ್ರ ಯುನಿಕೋಡ್‌ನಲ್ಲೇ (ಕಂಪ್ಯೂಟರಿಗೆ ಕನ್ನಡ ಕನ್ನಡವಾಗಿಯೇ ಗೊತ್ತಾಗುವ ರೀತಿ) ಶುರು ಮಾಡಿ, ಹಳೇದನ್ನು ಯುನಿಕೋಡ್‌ಗೆ ಬದಲಿಸಿಕೊಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಓದಿ ನೋಡಿ, ಅರ್ಕಾವತ್ತು ಇರುವ ಕಡೆ ಎಡವಟ್ಟು ಆಗುವುದುಂಟು, ಲಗ್ನಪತ್ರಿಕೆಯಲ್ಲಿ ವರನ ಹೆಸರು ತಪ್ಪಾದರೆ ಬೈಸಿಕೊಳ್ಳುವವರು ನೀವು. ಟೈಪ್ ಮಾಡಲು ನುಡಿ ಕೈಗೆ ಕೂತಿದ್ದರೆ ಅದನ್ನೇ ಇಟ್ಟುಕೊಳ್ಳಿ. ಇಲ್ಲವಾದರೆ ವಿಂಡೋಸ್ ಸೆಟ್ಟಿಂಗ್‌ನಲ್ಲಿ ಭಾಷೆಗೆ ಹೋಗಿ ಕನ್ನಡ ಸೇರಿಸಿದರೆ ಕೀಬೋರ್ಡ್ ಅದರಲ್ಲೇ ಇದೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಸುವ ಫೊನೆಟಿಕ್ ಕೂಡ.

ಪ್ರಶ್ನೆ: ಅಂಗಡಿಗೆ ತಗೊಳ್ಳುವ ಲ್ಯಾಪ್‌ಟಾಪ್‌ಗೆ ಜಿಎಸ್‌ಟಿ ವಾಪಸ್ ಬರುತ್ತದಂತೆ. ಎಷ್ಟು? ಅದರ ಜೊತೆ ಬರುವ ಆಫೀಸ್‌ನಲ್ಲಿ ಬಿಲ್ ಮಾಡಬಹುದಾ?
— ಓದುಗರು, ಉಡುಪಿ

ಉತ್ತರ: ನಗದಾಗಿ ಯಾರೂ ಕೈಗೆ ಕೊಡಲ್ಲ, ನೀವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಲ್ಯಾಪ್‌ಟಾಪ್‌ಗೆ ಜಿಎಸ್‌ಟಿ 18%. ಎಲ್ಲ ಸೇರಿ 40,000 ಕೊಟ್ಟರೆ ಅದರಲ್ಲಿ ತೆರಿಗೆ ಸುಮಾರು 6,100 ರೂಪಾಯಿ. ಬಿಲ್ ಮೇಲೆ ನಿಮ್ಮ ಅಂಗಡಿಯ ಜಿಎಸ್‌ಟಿ ನಂಬರ್ ಇರಲೇಬೇಕು, ಆನ್‌ಲೈನ್‌ನಲ್ಲಾದರೆ ಆರ್ಡರ್ ಮಾಡುವಾಗಲೇ ಹಾಕಿ. ಕಾಂಪೋಸಿಷನ್ ಸ್ಕೀಮ್‌ನಲ್ಲಿದ್ದರೆ ಈ ಸೌಲಭ್ಯ ಇಲ್ಲ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ 40% ಸವಕಳಿ ಇದೆ, ಆದರೆ ಜಿಎಸ್‌ಟಿ ಮುರಿದುಕೊಂಡ ಆ 6,100ರ ಮೇಲೆ ಮತ್ತೆ ಸವಕಳಿ ತೋರಿಸುವಂತಿಲ್ಲ. ನಿಮ್ಮ ಆಡಿಟರ್‌ಗೆ ಇದು ಗೊತ್ತಿರುತ್ತದೆ.

ಆಫೀಸ್ ವಿಷಯ: ಬಹಳ ಲ್ಯಾಪ್‌ಟಾಪ್‌ಗಳ ಜೊತೆ ಬಂದದ್ದು ‘ಹೋಮ್ ಆ್ಯಂಡ್ ಸ್ಟೂಡೆಂಟ್ 2021’. ಹೆಸರೇ ಹೇಳುತ್ತದೆ, ವ್ಯಾಪಾರಕ್ಕೆ ಬಳಸಲು ಅದರ ಲೈಸೆನ್ಸ್ ಒಪ್ಪಲ್ಲ. ಕೊಟೇಶನ್, ಬಿಲ್ ಅಷ್ಟಕ್ಕೆ ಲಿಬ್ರೆ ಆಫೀಸ್ ಸಾಕು, ಅದು ಉಚಿತ, ಅಂಗಡಿಗೂ ಬಳಸಬಹುದು.

ಪ್ರಶ್ನೆ: ಡಬ್ಬದ ಮೇಲೆ 10 ಗಂಟೆ ಬ್ಯಾಟರಿ ಅಂತಿತ್ತು. ನನಗೆ ನಾಲ್ಕೂವರೆ ಗಂಟೆಯೇ ಬರುತ್ತಿದೆ. ವಾಪಸ್ ಕೊಡಲಾ?
— ಓದುಗರು, ಮೈಸೂರು

ಉತ್ತರ: ಬೇಡ, ನಿಮ್ಮದು ಸರಿಯಾಗಿಯೇ ಇದೆ. ಬ್ಯಾಟರಿ ಎಷ್ಟು ವ್ಯಾಟ್-ಅವರ್ ಅಂತ ನೋಡಿ, ಈ ಬೆಲೆಯಲ್ಲಿ ಹೆಚ್ಚಾಗಿ 40ರ ಆಸುಪಾಸು. ಸಾಮಾನ್ಯ ಕೆಲಸಕ್ಕೆ 8ರಿಂದ 10 ವ್ಯಾಟ್ ಖರ್ಚು. ಭಾಗಿಸಿ ನೋಡಿ, ನಾಲ್ಕೋ ಐದೋ ಗಂಟೆ. 10 ಗಂಟೆ ಬರುವುದು ಬೆಳಕು ಇಳಿಸಿ, ವೈಫೈ ಆರಿಸಿ, ಒಂದು ವಿಡಿಯೊ ಹಾಕಿ ಸುಮ್ಮನೆ ಕೂತರೆ. ದಿನವಿಡೀ ಚಾರ್ಜರ್‌ನಲ್ಲೇ ಇಡುವವರಾದರೆ ಕಂಪನಿಯ ಆ್ಯಪ್‌ನಲ್ಲಿ ಚಾರ್ಜನ್ನು 80%ಕ್ಕೆ ನಿಲ್ಲಿಸುವ ಆಯ್ಕೆ ಇದೆಯಾ ಹುಡುಕಿ.

ಪ್ರಶ್ನೆ: ಅಂಗಡಿ ಲೆಕ್ಕಕ್ಕೂ ಮಕ್ಕಳಿಗೂ ಒಂದೇ ಲ್ಯಾಪ್‌ಟಾಪ್ ಕೊಟ್ಟರೆ ಲೆಕ್ಕ ಅಳಿಸಿಬಿಡುತ್ತಾರೆ ಅಂತ ಭಯ. ಏನು ಮಾಡೋದು?
— ಓದುಗರು, ಚಿತ್ರದುರ್ಗ

ಉತ್ತರ: ಮಕ್ಕಳಿಗೆ ಬೇರೆ ಯೂಸರ್ ಅಕೌಂಟ್ ಮಾಡಿಕೊಡಿ, ಸ್ಟ್ಯಾಂಡರ್ಡ್ ಯೂಸರ್, ಅಡ್ಮಿನ್ ಬೇಡ. ನಿಮ್ಮ ಅಕೌಂಟ್‌ಗೆ ಪಾಸ್‌ವರ್ಡ್ ಇರಲಿ, ನಿಮ್ಮ ಮೊಬೈಲ್ ನಂಬರೇ ಪಾಸ್‌ವರ್ಡ್ ಆದರೆ ಮಕ್ಕಳಿಗೆ ಐದು ನಿಮಿಷದ ಕೆಲಸ. ಟ್ಯಾಲಿಯ ಬ್ಯಾಕಪ್ ದಿನಾ ಬಾಗಿಲು ಹಾಕುವ ಮುಂಚೆ ಪೆನ್‌ಡ್ರೈವ್‌ಗೆ ತಗೊಳ್ಳಿ, ಎರಡು ಪೆನ್‌ಡ್ರೈವ್ ಇಟ್ಟುಕೊಂಡು ಒಂದು ದಿನ ಬಿಟ್ಟು ಒಂದು ದಿನ. ಅದನ್ನು ಗಲ್ಲಾಪೆಟ್ಟಿಗೆಯಲ್ಲಿ ಇಡಬೇಡಿ, ಮನೆಗೆ ಒಯ್ಯಿರಿ. ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗುವವನು ಗಲ್ಲಾಪೆಟ್ಟಿಗೆಯನ್ನು ಬಿಟ್ಟು ಹೋಗ್ತಾನಾ?